ಆಲೂಗಡ್ಡೆ ಟಿಶ್ಯೂ ಕಲ್ಚರ್‌ಗೆ ಎಳನೀರು: ಮೂರು ವರ್ಷ ಬಳಸಿದ ಮೇಲೆ

ಶಿವಮೊಗ್ಗದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಟಿಶ್ಯೂ ಕಲ್ಚರ್ ಮಾಡಿ, ಅಂದರೆ ಗಿಡದ ಸಣ್ಣ ತುಂಡನ್ನು ಕ್ರಿಮಿಯಿಲ್ಲದ ಬಾಟಲಿಯಲ್ಲಿಟ್ಟು, ಆಲೂಗಡ್ಡೆ ಸಸಿ ಬೆಳೆಸುತ್ತೇನೆ. ತಳಿ ಕುಫ್ರಿ ಜ್ಯೋತಿ. ಸಸಿಗಳು ಹೆಚ್ಚಾಗಿ ಹಾಸನದ ಕಡೆಯ ರೈತರಿಗೆ ಹೋಗುತ್ತವೆ. ಮೂರು ವರ್ಷದಿಂದ ಮೀಡಿಯಾಕ್ಕೆ, ಅಂದರೆ ಬಾಟಲಿಯಲ್ಲಿ ಸಸಿಗೆ ಆಹಾರವಾಗುವ ಲವಣ, ಸಕ್ಕರೆಯ ಮಿಶ್ರಣಕ್ಕೆ, ಎಳನೀರು ಸೇರಿಸುತ್ತಿದ್ದೇನೆ. ಅದರ ಬಗ್ಗೆ ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಗಟ್ಟಿಮುಟ್ಟಾದ ಸಸಿಗೆ ಎಳನೀರು ಬೇಕಿಲ್ಲ. ಒಂದು ಗೆಣ್ಣು, ಒಂದು ಎಲೆ ಇರುವ ತುಂಡನ್ನು ಬರೀ ಎಂಎಸ್ ಮೀಡಿಯಾದಲ್ಲಿ ಇಟ್ಟರೂ ಮೂರ್ನಾಲ್ಕು ವಾರಕ್ಕೆ ಮತ್ತೆ ಕತ್ತರಿಸುವಷ್ಟು ಬೆಳೆಯುತ್ತದೆ. ಹಾರ್ಮೋನ್ ಕೂಡ ಬೇಡ. ಎಂಎಸ್ ಅಂದರೆ ಮುರಾಶಿಗೆ ಮತ್ತು ಸ್ಕೂಗ್ ಎಂಬ ಇಬ್ಬರು ವಿಜ್ಞಾನಿಗಳ ಹೆಸರು. ಅವರು 1962ರಲ್ಲಿ ತಂಬಾಕಿಗೆ ಅಂತ ಹೊಂದಿಸಿದ ಲವಣಗಳ ಲೆಕ್ಕ ಆಲೂಗಡ್ಡೆಗೂ ಚೆನ್ನಾಗಿ ಒಗ್ಗಿದೆ.

ಎಳನೀರು ಕೈಹಿಡಿದಿದ್ದು ಬಡಕಲು ಗಿಡಗಳಿಗೆ. ವೈರಸ್ ಕಳೆಯಲು ಕುಡಿಯ ತುದಿಯನ್ನು ಸೂಜಿಮೊನೆಯಷ್ಟು ಕತ್ತರಿಸಿ ಇಡುತ್ತೇವಲ್ಲ, ಅದು ವಾರಗಟ್ಟಲೆ ಹಸಿರು ಚುಕ್ಕಿಯಾಗಿಯೇ ಕೂತಿರುತ್ತದೆ. ಲೀಟರಿಗೆ 100 ಮಿಲಿ ಎಳನೀರು ಹಾಕಿದ ಬಾಟಲಿಗಳಲ್ಲಿ ಆ ಚುಕ್ಕಿ ಬೇಗ ಉಬ್ಬಿತು. ಒಂದು ಬೆಳಗ್ಗೆ ನೋಡಿದರೆ ಸಾಸಿವೆ ಗಾತ್ರದ ಎರಡು ಎಲೆ ಬಿಚ್ಚಿಕೊಂಡಿದ್ದವು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಎಳನೀರಿನಲ್ಲಿ ಜಿಯಾಟಿನ್‌ನಂಥ ಸೈಟೊಕೈನಿನ್‌ಗಳಿವೆ. ಚಿಗುರು ಒಡೆಸುವ ಹಾರ್ಮೋನ್ ಅವೇ.

ಒಳ್ಳೆಯದಲ್ವಾ ಅಂತ 200 ಮಿಲಿಗೆ ಏರಿಸಿದೆ. ಬುಡದಲ್ಲಿ ಗಂಟು ಗಂಟಾಗಿ ಕ್ಯಾಲಸ್, ಅಂದರೆ ಬೇರೂ ಅಲ್ಲದ ಚಿಗುರೂ ಅಲ್ಲದ ಜೀವಕೋಶಗಳ ಮುದ್ದೆ, ಬಂತು, ಬೇರು ಹಿಂದೆ ಬಿತ್ತು, ಎಲೆಗಳು ನೀರು ಕುಡಿದು ಗಾಜಿನ ಹಾಗಾದವು. ಅಂಥ ಸಸಿಯನ್ನು ಮಣ್ಣಿಗೆ ಇಟ್ಟರೆ ಮಧ್ಯಾಹ್ನದೊಳಗೆ ಬಾಡುತ್ತದೆ.

ದೊಡ್ಡ ತೊಂದರೆ ಬೇರೆ ಇದೆ. ಒಂದು ಕಾಯಿಯ ನೀರು ಇನ್ನೊಂದರಂತಿರುವುದಿಲ್ಲ. ಅದಕ್ಕೆ ಈಗ ಒಂದೇ ಮರದ ಒಂದೇ ಗೊನೆ ಇಳಿಸಿ, ನೀರನ್ನೆಲ್ಲ ಒಟ್ಟು ಮಾಡುತ್ತೇನೆ. ಅದನ್ನು ಕಾಯಿಸಿ ಕುದಿಯುವ ಮುಂಚೆ ಇಳಿಸುತ್ತೇನೆ, ಅಷ್ಟರಲ್ಲಿ ಪ್ರೋಟೀನ್ ಮೊಸರಿನ ಹಾಗೆ ಒಡೆದಿರುತ್ತದೆ. ಅದನ್ನು ಸೋಸಿ, 100 ಮಿಲಿ ಬಾಟಲಿಗಳಿಗೆ ತುಂಬಿ ಫ್ರೀಜರಿಗೆ ಹಾಕುತ್ತೇನೆ. ಎಳನೀರು ಸೇರಿಸಿದ ಮೇಲೆಯೇ ಮೀಡಿಯಾದ ಪಿಎಚ್ (ಹುಳಿಯ ಅಳತೆ) 5.8ಕ್ಕೆ ತರಬೇಕು, ಮುಂಚೆ ಅಲ್ಲ. ಎಳನೀರಿಗೂ ತನ್ನದೇ ಹುಳಿ ಇದೆ. ಆಮೇಲೆ ಎಂದಿನಂತೆ 121 ಡಿಗ್ರಿಯಲ್ಲಿ 20 ನಿಮಿಷ ಆಟೋಕ್ಲೇವ್, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವುದು.

ಒಂದು ಸಲ ಕಾಯಿ ಸಿಗದೆ ಅಂಗಡಿಯ ಪ್ಯಾಕೆಟ್ ಎಳನೀರು ಹಾಕಿದೆ. ಇಡೀ ಬ್ಯಾಚ್ ಹಳದಿಗೆ ತಿರುಗಿ ನಿಂತುಬಿಟ್ಟಿತು. ಆಮೇಲೆ ಲೇಬಲ್ ಓದಿದರೆ ಕೆಡದಂತೆ ಇಡುವ ಸಲ್ಫೈಟ್ ಸೇರಿಸಿದ್ದರು. ಕಾರಣ ಅದೇ ಇರಬೇಕು. ತಿಂಗಳ ಕೆಲಸ ಹೋಯಿತು, ತುಂಬಾ ಬೇಜಾರಾಯಿತು. ಪ್ಯಾಕೆಟ್ ಬೇಡವೇ ಬೇಡ.

ಬಾಳೆಹಣ್ಣಿನ ತಿರುಳನ್ನೂ ನೋಡಿದೆ. ಆರ್ಕಿಡ್‌ಗೆ ಹಾಕುತ್ತಾರೆ, ಸರಿ. ಆಲೂಗಡ್ಡೆಗೆ ನನಗೇನೂ ಲಾಭ ಕಾಣಲಿಲ್ಲ. ಮೀಡಿಯಾ ಕಂದು ಬಣ್ಣಕ್ಕೆ ತಿರುಗಿ ಸಸಿಯ ಬೇರುಗಳೇ ಕಾಣುವುದಿಲ್ಲ.

ಮಲೆನಾಡಿನವರಿಗೆ ಇನ್ನೊಂದು ಮಾತು. ಜುಲೈ, ಆಗಸ್ಟ್‌ನಲ್ಲಿ ಗೋಡೆಯೇ ಬೆವರುವಾಗ ನಾನು ಎಳನೀರಿನ ಬಾಟಲಿ ಮಾಡುವುದಿಲ್ಲ. ಲೀಟರಿಗೆ 30 ಗ್ರಾಂ ಸಕ್ಕರೆ ಹೇಗೂ ಇದೆ. ಅದರ ಮೇಲೆ ಇದೂ ಸೇರಿದರೆ ಸಸಿಗಿಂತ ಬೂಷ್ಟು ಮುಂದೆ ಓಡುತ್ತದೆ. ಸಸಿ ಬುಡದ ಸುತ್ತ ಹಾಲಿನಂಥ ಮಬ್ಬು ಕಂಡರೆ ಬ್ಯಾಕ್ಟೀರಿಯಾ. ಆ ಬಾಟಲಿ ತೆರೆಯಬೇಡಿ, ಹಾಗೇ ಆಟೋಕ್ಲೇವ್ ಮಾಡಿ ಎಸೆಯಿರಿ.

ಈಗ ನನ್ನ ಪದ್ಧತಿ ಇಷ್ಟೇ. ಕುಡಿಯ ತುದಿಗೆ, ಸೊರಗಿದ ತಾಯಿ ಗಿಡಕ್ಕೆ ಒಂದೆರಡು ಸುತ್ತು ಎಳನೀರು. ಚೇತರಿಸಿಕೊಂಡ ಕೂಡಲೇ ಬರೀ ಎಂಎಸ್‌ಗೆ ವಾಪಸ್.