ಫೈನಲ್ ರಾತ್ರಿಗೆ ಯಾವುದು ವಾಸಿ: ಡಿಶ್ ಬಾಕ್ಸೋ, ಆಪ್ ಸ್ಟಿಕ್ಕೋ?

ಫುಟ್‌ಬಾಲ್ ನೋಡಲು ಟಿವಿ ಬೇಕು ಎಂದರೆ ಅಂಗಡಿಯವರು ಮೊದಲು ತೋರಿಸುವುದು 4ಕೆ ಎಂದು ಬರೆದ ಸ್ಟಿಕ್ಕರನ್ನು. ಫುಟ್‌ಬಾಲ್ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಅದಲ್ಲ. ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತದೆ ಎಂದು ಕೇಳಬೇಕು. ಈ ಒಂದು ಲೆಕ್ಕದಲ್ಲಿ ಹಳೆಯ ಎಚ್‌ಡಿ ಸೆಟ್‌ಟಾಪ್ ಬಾಕ್ಸ್ ಇವತ್ತಿಗೂ ಎಷ್ಟೋ 4ಕೆ ಸ್ಟ್ರೀಮಿಂಗನ್ನು ಹಿಂದೆ ಹಾಕುತ್ತದೆ. ಮಳೆ ಬಂದರೆ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ. 2026ರ ವಿಶ್ವಕಪ್ ನಡೆಯುವುದು ಜೂನ್ 11ರಿಂದ ಜುಲೈ 19ರವರೆಗೆ, ಅಂದರೆ ನಮ್ಮ ಮುಂಗಾರಿನ ನಟ್ಟನಡುವೆ. ಹಾಗಾಗಿ ಡಿಶ್ ಬಾಕ್ಸ್, ಟಿವಿಗೆ ಸಿಕ್ಕಿಸಿ ಇಂಟರ್ನೆಟ್ಟಿನಲ್ಲಿ ಆಪ್ ಓಡಿಸುವ ಸ್ಟಿಕ್, ಈ ಎರಡೂ ದಾರಿಗಳನ್ನು ಬಿಡಿಸಿ ನೋಡಬೇಕಾಗಿದೆ.

ಮೊದಲು ಚಿತ್ರದ ವಿಷಯ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೊಡೆದ ಚೆಂಡು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಸೆಕೆಂಡಿಗೆ 25 ಚಿತ್ರ ಬರುವ ಸ್ಟ್ರೀಮಿನಲ್ಲಿ ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಚೆಂಡು 1.1 ಮೀಟರ್ ಮುಂದಿರುತ್ತದೆ. ಚೆಂಡಿನ ಅಡ್ಡಳತೆ 22 ಸೆಂ.ಮೀ., ಅಂದರೆ ಐದು ಚೆಂಡಿನಷ್ಟು ದೂರವನ್ನು ಅದು ಒಂದೇ ನೆಗೆತಕ್ಕೆ ದಾಟಿತು. 50 ಚಿತ್ರ ಬಂದರೆ ಆ ನೆಗೆತ ಅರ್ಧಕ್ಕೆ ಇಳಿಯುತ್ತದೆ. ಗೋಲ್‌ಕೀಪರ್ ಉದ್ದಕ್ಕೆ ಒದ್ದ ಚೆಂಡನ್ನು ಹಿಂಬಾಲಿಸಿ ಕ್ಯಾಮೆರಾ ತಿರುಗುವಾಗ ಮೈದಾನದಂಚಿನ ಜಾಹೀರಾತು ಫಲಕದ ಅಕ್ಷರಗಳನ್ನು ಗಮನಿಸಿ. ಓದಲು ಬಂದರೆ 50, ತಡವರಿಸಿ ಒಂದರ ಮೇಲೊಂದು ಬಿದ್ದಂತೆ ಕಂಡರೆ 25. ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ನಮ್ಮ ಎಚ್‌ಡಿ ಚಾನೆಲ್‌ಗಳು ಬರುವುದು 1080ಐ ರೂಪದಲ್ಲಿ: ಸೆಕೆಂಡಿಗೆ 50 ಅರೆಚಿತ್ರ, ಒಂದೊಂದರಲ್ಲಿ 540 ಗೆರೆ. ಗೆರೆ ಅರ್ಧವಾದರೂ ಚಲನೆಯ ಲೆಕ್ಕ 50 ಸಲ ಸಿಗುತ್ತದೆ. ಅಮೆರಿಕದ ಫಾಕ್ಸ್ ವಾಹಿನಿ ಇನ್ನೂ ಮುಂದೆ ಹೋಗಿ ಗೆರೆಗಳನ್ನೇ ಬಿಟ್ಟುಕೊಟ್ಟಿತು. ಅದು ಪ್ರಸಾರ ಮಾಡುವುದು 720 ಗೆರೆಯ 720ಪಿ, ಆದರೆ ಸೆಕೆಂಡಿಗೆ 60 ಪೂರ್ಣ ಚಿತ್ರ. 2026ರ ವಿಶ್ವಕಪ್‌ನ ಇಂಗ್ಲಿಷ್ ಹಕ್ಕು ಅಲ್ಲಿ ಅದರದ್ದೇ. ನ್ಯೂಜೆರ್ಸಿಯಲ್ಲೋ ಡಲ್ಲಾಸ್‌ನಲ್ಲೋ ಇರುವ ಕನ್ನಡಿಗರು ಕಿಟಕಿಯ ಬಳಿ ಒಂದು ಸಾದಾ ಆಂಟೆನಾ ಇಟ್ಟರೆ ಸ್ಥಳೀಯ ಫಾಕ್ಸ್ ನಿಲಯವನ್ನು ತಿಂಗಳ ಬಾಡಿಗೆ ಇಲ್ಲದೆ ನೋಡಬಹುದು. ನಮಗಿಲ್ಲಿ ಆ ಭಾಗ್ಯವಿಲ್ಲ.

ಈಗ ಡಿಟಿಎಚ್ ಬಾಕ್ಸ್. ಚಿತ್ರದ ನಯ, ಕಾಮೆಂಟರಿಯ ಸ್ಪಷ್ಟತೆ, ತಡವಿಲ್ಲದ ಪ್ರಸಾರ, ಮೂರರಲ್ಲೂ ಇದೇ ಮುಂದು. ಮೈದಾನದಲ್ಲಿ ಆದದ್ದು ಕೆಲವೇ ಸೆಕೆಂಡಿನಲ್ಲಿ ಪರದೆಗೆ ಬರುತ್ತದೆ. ಆದರೆ ಎಚ್‌ಡಿ ಬಾಕ್ಸ್ ಇದ್ದೂ ಎಚ್‌ಡಿ ನೋಡದ ಮನೆಗಳು ಬೇಕಾದಷ್ಟಿವೆ. ಕಾರಣ ಮೂರು. ಒಂದು, ಹಳೆಯ ಟಿವಿಯ ಹಳದಿ-ಕೆಂಪು-ಬಿಳಿ ಎವಿ ವೈರನ್ನೇ ಹೊಸ ಟಿವಿಗೂ ಚುಚ್ಚಿರುತ್ತಾರೆ. ಅದರಲ್ಲಿ ಎಚ್‌ಡಿ ಬರುವುದೇ ಇಲ್ಲ, ಎಚ್‌ಡಿಎಂಐ ಕೇಬಲ್ ಬೇಕೇ ಬೇಕು. ಎರಡು, ಎಚ್‌ಡಿ ಚಾನೆಲ್ ಬೇರೆ ಸಂಖ್ಯೆಯಲ್ಲಿರುತ್ತದೆ, ಬೇರೆಯಾಗಿಯೇ ದುಡ್ಡು ಕಟ್ಟಬೇಕು. ಪ್ಯಾಕಿನಲ್ಲಿ ಸ್ಪೋರ್ಟ್ಸ್ ಚಾನೆಲ್ ಇದೆ ಎಂದರೆ ಅದರ ಎಚ್‌ಡಿ ಅವತಾರವೂ ಇದೆ ಎಂದು ಅರ್ಥವಲ್ಲ. ಮೂರು, ಬಾಕ್ಸಿನ ಔಟ್‌ಪುಟ್ 576ಕ್ಕೆ ಅಥವಾ 720ಕ್ಕೆ ನಿಂತಿರುತ್ತದೆ. ಬಾಕ್ಸಿನ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ 1080ಐ ಮಾಡಿ. 1080ಪಿ ಆಯ್ಕೆ ಇದ್ದರೂ ಮೊದಲು 1080ಐ ಇಟ್ಟು ನೋಡಿ: ಅರೆಚಿತ್ರಗಳನ್ನು ಜೋಡಿಸುವ ಕೆಲಸವನ್ನು ಸಾಮಾನ್ಯವಾಗಿ ಬಾಕ್ಸಿಗಿಂತ ಟಿವಿಯೇ ಚೆನ್ನಾಗಿ ಮಾಡುತ್ತದೆ. ಮೈದಾನದ ಬಿಳಿ ಗೆರೆಗಳು ಬಾಚಣಿಗೆ ಹಲ್ಲಿನಂತೆ ಕಂಡರೆ ಮಾತ್ರ ಬದಲಿಸಿ.

ಇನ್ನು ಮಳೆ. ಡಿಟಿಎಚ್ ಬರುವುದು ಕೆಯು ಬ್ಯಾಂಡ್ ಎಂಬ ರೇಡಿಯೋ ಅಲೆಗಳ ಗುಂಪಿನಲ್ಲಿ, ಇದರ ಅಲೆಯನ್ನು ದಪ್ಪ ಹನಿಯ ಮಳೆ ನುಂಗುತ್ತದೆ. ಕರಾವಳಿ, ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಎಲ್ಲ ಡಿಶ್‌ಗಳೂ ಒಂದೇ ತರಹ ಸೋಲುವುದಿಲ್ಲ. ಟಾಟಾ ಪ್ಲೇ ಉಪಗ್ರಹ ಪೂರ್ವ ರೇಖಾಂಶ 83 ಡಿಗ್ರಿಯಲ್ಲಿದೆ, ಬೆಂಗಳೂರಿನಿಂದ ನೋಡಿದರೆ ಸುಮಾರು 73 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಡಿಮೆ ನೆತ್ತಿಯ ಮೇಲೆ. ಏರ್‌ಟೆಲ್‌ನದ್ದು 108.2 ಡಿಗ್ರಿ, ಅದು ಪೂರ್ವಕ್ಕೆ ವಾಲಿ ಸುಮಾರು 52 ಡಿಗ್ರಿಯಲ್ಲಿ ಸಿಗುತ್ತದೆ. ಓರೆಯಾಗಿ ಬರುವ ಅಲೆ ಮಳೆಯೊಳಗೆ ಐದನೇ ಒಂದು ಪಾಲಿನಷ್ಟು ಹೆಚ್ಚು ದೂರ ಸಾಗಬೇಕು. ಪೂರ್ವದಲ್ಲಿ ಹಲಸೋ ತೆಂಗೋ ಬೆಳೆದು ನಿಂತಿದ್ದರೆ ಅಡ್ಡ ಬರುವುದೂ ಇದಕ್ಕೇ. ಬೇಸಿಗೆಯಲ್ಲಿ ಸರಿಯಿದ್ದ ಡಿಶ್ ಜೂನ್‌ನಲ್ಲಿ ಕೈಕೊಟ್ಟರೆ ಮೊದಲು ಮರದ ಹೊಸ ಚಿಗುರು ನೋಡಿ. ಒದ್ದೆ ಎಲೆ ಒಣ ಎಲೆಗಿಂತ ಹೆಚ್ಚು ತಡೆಯುತ್ತದೆ.

ಪಂದ್ಯಕ್ಕೆ ಒಂದು ವಾರ ಮೊದಲು, ಬಿಸಿಲಿರುವ ಹೊತ್ತಿನಲ್ಲಿ, ಬಾಕ್ಸಿನ ಸಿಗ್ನಲ್ ಪುಟ ತೆರೆಯಿರಿ. ಅಲ್ಲಿ ಸ್ಟ್ರೆಂತ್ ಮತ್ತು ಕ್ವಾಲಿಟಿ ಎಂಬ ಎರಡು ಪಟ್ಟಿ ಇರುತ್ತವೆ. ಕೆಲಸಕ್ಕೆ ಬರುವುದು ಎರಡನೆಯದು. ಸ್ಟ್ರೆಂತ್ ತುಂಬಿದ್ದು ಕ್ವಾಲಿಟಿ ಕೆಳಗಿದ್ದರೆ ಡಿಶ್ ಅಲುಗಿದೆ ಅಥವಾ ಡಿಶ್ಶಿನ ಮುಂದೆ ಕೋಲಿನ ತುದಿಯಲ್ಲಿ ಅಲೆ ಹಿಡಿಯುವ ಎಲ್‌ಎನ್‌ಬಿ ಕೆಡುತ್ತಿದೆ. ಬಿಸಿಲಿನಲ್ಲೇ ಹೀಗಿದ್ದರೆ ಸಣ್ಣ ಮಳೆಗೂ ಚಿತ್ರ ಚೌಕಚೌಕವಾಗಿ ಒಡೆಯುವುದು ಖಂಡಿತ. ಮೆಕ್ಯಾನಿಕ್ ಬಂದಾಗ ಡಿಶ್ ತಿರುಗಿಸಲು ಬಿಡುವ ಮುಂಚೆ ಎಲ್‌ಎನ್‌ಬಿಗೆ ಸೇರುವ ಸ್ಕ್ರೂ ಕನೆಕ್ಟರ್ ಬಿಚ್ಚಿಸಿ ನೋಡಿ. ಒಳಗಿನ ತಾಮ್ರದ ತಂತಿ ಹಸಿರುಗಟ್ಟಿದ್ದರೆ ನೀರು ಇಳಿದಿದೆ. ಒಂದು ಗೇಣು ಕೇಬಲ್ ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಿ, ಮೇಲೆ ರಬ್ಬರ್ ಟೇಪ್ ಸುತ್ತಿಸಿ. ಕೇಬಲ್ ಮನೆಯೊಳಗೆ ನುಗ್ಗುವ ಮೊದಲು ಕೆಳಕ್ಕೆ ಒಂದು ಬಳುಕು ಇರಲಿ, ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಇಷ್ಟೆಲ್ಲ ಮಾಡಿದರೂ ಆಗುಂಬೆಯ ಜಡಿಮಳೆಗೆ ಯಾವ ಡಿಶ್ಶೂ ಗ್ಯಾರಂಟಿ ಕೊಡದು. ಅಲ್ಲಿಯವರು ಬ್ರಾಡ್‌ಬ್ಯಾಂಡ್ ಇದ್ದರೆ ಸ್ಟಿಕ್ಕನ್ನೇ ಮುಖ್ಯ ಮಾಡಿಕೊಂಡು ಬಾಕ್ಸನ್ನು ಮೀಸಲು ಇಡುವುದು ಒಳ್ಳೆಯದು. ಬಯಲುಸೀಮೆಯಲ್ಲಿ ಇದರ ತಿರುಗಮುರುಗ.

ಸ್ಟಿಕ್ ಮತ್ತು ಆಪ್‌ನ ದೊಡ್ಡ ದೋಷ ಯಾರ ಕಣ್ಣಿಗೂ ಬೀಳದ ಜಾಗದಲ್ಲಿದೆ. ಫೈರ್ ಟಿವಿ ಸ್ಟಿಕ್‌ನಂಥವು ತಾವಾಗಿಯೇ ಇದ್ದರೆ ಟಿವಿಗೆ 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60ರಂತೆ ಚಿತ್ರ ಕಳಿಸುತ್ತವೆ. ಪ್ರಸಾರ ಬರುವುದು 50ರಲ್ಲಿ. ಕೊರತೆ ಬಿದ್ದ 10 ಚಿತ್ರಗಳನ್ನು ಸ್ಟಿಕ್ ಇದ್ದ ಚಿತ್ರವನ್ನೇ ಎರಡು ಸಲ ತೋರಿಸಿ ತುಂಬಿಸುತ್ತದೆ. ಐದು ಚಿತ್ರಕ್ಕೊಮ್ಮೆ ಒಂದು ಮುಗ್ಗರಿಕೆ. ಕ್ಯಾಮೆರಾ ಅಡ್ಡಕ್ಕೆ ಚಲಿಸಿದಾಗಲೆಲ್ಲ ಮೈದಾನ ಜರ್ಕು ಹೊಡೆಯುತ್ತದೆ, ಜನ ನೆಟ್ ಸ್ಲೋ ಎಂದು ರೌಟರನ್ನು ಬೈಯುತ್ತಾರೆ. ಪರಿಹಾರ ಇಷ್ಟೇ: ಸೆಟ್ಟಿಂಗ್ಸ್, ಡಿಸ್‌ಪ್ಲೇ ಆ್ಯಂಡ್ ಸೌಂಡ್ಸ್, ಡಿಸ್‌ಪ್ಲೇ, ಅದರೊಳಗೆ ವಿಡಿಯೋ ರೆಸಲ್ಯೂಷನ್. ಅಲ್ಲಿ 1080ಪಿ 50 ಹರ್ಟ್ಸ್ ಆರಿಸಿ. ಮೂಲ ಫ್ರೇಮ್ ರೇಟಿಗೆ ತಾನೇ ಹೊಂದಿಕೊಳ್ಳುವ ಆಯ್ಕೆಯೂ ಅದೇ ಪುಟದಲ್ಲಿದೆ, ಆದರೆ ಆಪ್ ಕೂಡ ಒಪ್ಪಿದರೆ ಮಾತ್ರ ಅದು ನಡೆಯುತ್ತದೆ. ಹಾಗಾಗಿ ಕೈಯಾರೆ ಇಡುವುದೇ ಮೇಲು. ಪಂದ್ಯ ಮುಗಿದ ಮೇಲೆ ವಾಪಸ್ 60ಕ್ಕೆ ತನ್ನಿ. ಆಪ್ ಕಳಿಸುವುದೇ 25 ಆಗಿದ್ದರೆ ಮಾತ್ರ ಯಾವ ಸೆಟ್ಟಿಂಗೂ ಅದನ್ನು 50 ಮಾಡಲಾರದು.

ಸ್ಟಿಕ್ಕಿಗೆ ಟಿವಿಯ ಯುಎಸ್‌ಬಿಯಿಂದ ಕರೆಂಟ್ ಕೊಡಬೇಡಿ. ಅಷ್ಟು ಸಾಲದೆ ನಡುವೆ ತಾನೇ ಆರಿ ಹೊತ್ತಿಕೊಳ್ಳುತ್ತದೆ. ಜೊತೆಗೆ ಬಂದ ಅಡಾಪ್ಟರನ್ನೇ ಗೋಡೆಗೆ ಹಾಕಿ. ಟಿವಿಯ ಬೆನ್ನಿಗೆ ಅಂಟಿ ಕೂತ ಸ್ಟಿಕ್ಕಿಗೆ ವೈಫೈ ಸರಿಯಾಗಿ ತಲುಪುವುದಿಲ್ಲ, ಡಬ್ಬಿಯಲ್ಲಿ ಬರುವ ಗಿಡ್ಡ ಎಚ್‌ಡಿಎಂಐ ತುಂಡನ್ನು ಬಿಸಾಡದೆ ಬಳಸಿ ಸ್ವಲ್ಪ ಆಚೆ ತೂಗಿಬಿಡಿ. ಅಪಾರ್ಟ್‌ಮೆಂಟಿನಲ್ಲಿ 2.4 ಗಿಗಾಹರ್ಟ್ಸ್ ವೈಫೈ ನಂಬಬೇಡಿ, ಅಕ್ಕಪಕ್ಕದ ಮನೆಯವರ ರೌಟರ್‌ಗಳೆಲ್ಲ ಅದರಲ್ಲೇ ಕಿತ್ತಾಡುತ್ತಿರುತ್ತವೆ. 5 ಗಿಗಾಹರ್ಟ್ಸ್‌ಗೆ ಹಾಕಿ, ಆದರೆ ಅದಕ್ಕೆ ಗೋಡೆ ದಾಟುವ ಶಕ್ತಿ ಕಡಿಮೆ. ರೌಟರ್ ಹತ್ತಿರವಿದ್ದರೆ ಲ್ಯಾನ್ ಕೇಬಲ್ ಎಳೆದುಬಿಡಿ, ತಲೆನೋವೇ ಇಲ್ಲ.

ಡೇಟಾ ಲೆಕ್ಕ ಹೀಗೆ. ಚೆನ್ನಾದ 1080ಪಿ ಸ್ಟ್ರೀಮ್ ಸೆಕೆಂಡಿಗೆ 8 ಮೆಗಾಬಿಟ್ ಎಂದಿಟ್ಟುಕೊಂಡರೆ ಗಂಟೆಗೆ 3.6 ಜಿಬಿ. ಹೆಚ್ಚುವರಿ ಸಮಯ, ಪೆನಾಲ್ಟಿ ಎಲ್ಲ ಸೇರಿ ಮೂರು ಗಂಟೆಯಾದರೆ 11 ಜಿಬಿ ಹತ್ತಿರ. ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡವರ ದಿನದ 2 ಜಿಬಿ 33 ನಿಮಿಷಕ್ಕೆ ಖಾಲಿ, ಮೊದಲರ್ಧವೂ ಮುಗಿಯದು. ಫೈನಲ್ ನಮ್ಮಲ್ಲಿ ಜುಲೈ 20ರ ನಡುರಾತ್ರಿ 12.30ಕ್ಕೆ ಶುರುವಾಗುವುದರಿಂದ ದಿನದ ಕೋಟಾ ಅಷ್ಟೊತ್ತಿಗೆ ಹೊಸದಾಗಿ ಸಿಕ್ಕಿರುತ್ತದೆ ಎಂಬುದಷ್ಟೇ ಸಮಾಧಾನ.

ಸರ್ವರ್ ಕಡೆಯ ತೊಂದರೆಗೆ ಮನೆಯಲ್ಲಿ ಮದ್ದಿಲ್ಲ. 2022ರ ನವೆಂಬರ್ 20ರಂದು ಕತಾರ್ ವಿಶ್ವಕಪ್‌ನ ಮೊದಲ ಪಂದ್ಯ ಜಿಯೋ ಸಿನಿಮಾದಲ್ಲಿ ಉಚಿತವಾಗಿ ಬಂದಾಗ ದೇಶದ ತುಂಬ ಬಫರಿಂಗ್ ದೂರುಗಳೆದ್ದವು. ಡಿಸೆಂಬರ್ 18ರ ಫೈನಲ್ ಹೊತ್ತಿಗೆ ಅದೇ ಆಪ್ ಕೋಟಿಗಟ್ಟಲೆ ಜನರನ್ನು ಹೊತ್ತು ನಿಂತಿತು. ಆದ್ದರಿಂದ ಮೊದಲ ದಿನದ ಅನುಭವದಿಂದ ಕೊನೆಯ ದಿನವನ್ನು ಅಳೆಯಬೇಡಿ. ಆದರೆ ಆಪ್ ಅಪ್‌ಡೇಟ್, ಲಾಗಿನ್ ಎರಡನ್ನೂ ಸಂಜೆಯೇ ಮುಗಿಸಿ. ಒಟಿಪಿ ಹೋಗುವ ಫೋನ್ ಊರಲ್ಲಿರುವ ಭಾವನ ಕೈಯಲ್ಲಿದ್ದು, ಅವರು ಹತ್ತಕ್ಕೇ ಮಲಗುವವರಾದರೆ ಏನಾಗುತ್ತದೆಂದು ಊಹಿಸಿ.

ಸ್ಟ್ರೀಮಿಂಗ್ ನೇರ ಪ್ರಸಾರಕ್ಕಿಂತ ಅರ್ಧ ನಿಮಿಷದಷ್ಟು ಹಿಂದೆ ಓಡುವುದು ಮಾಮೂಲು. ಪಕ್ಕದ ಮನೆಯಲ್ಲಿ ಡಿಶ್ ಇದ್ದರೆ ನಿಮ್ಮ ಟಿವಿಯಲ್ಲಿ ಕಾರ್ನರ್ ಕಿಕ್ ಹೊಡೆಯುವ ಮೊದಲೇ ಅಲ್ಲಿ ಕೇಕೆ ಎದ್ದಿರುತ್ತದೆ. ಅದಕ್ಕೆ ಉಪಾಯವಿಲ್ಲ. ಸ್ಕೋರ್ ಆಪ್‌ನ ನೋಟಿಫಿಕೇಷನ್, ವಾಟ್ಸ್‌ಆ್ಯಪ್ ಗುಂಪು ಎರಡನ್ನೂ ಮ್ಯೂಟ್ ಮಾಡುವುದಂತೂ ನಮ್ಮ ಕೈಯಲ್ಲಿದೆ.

ಟಿವಿಯ ಸೆಟ್ಟಿಂಗಿಗೆ ಬಂದರೆ, ಸ್ಪೋರ್ಟ್ಸ್ ಮೋಡ್ ಎಂಬುದನ್ನು ಮುಟ್ಟಬೇಡಿ. ಹುಲ್ಲನ್ನು ಪ್ಲಾಸ್ಟಿಕ್ ಹಸಿರು ಮಾಡುವುದು, ಆಟಗಾರರ ಸುತ್ತ ಬಿಳಿ ಅಂಚು ಕಟ್ಟುವುದು ಬಿಟ್ಟು ಅದರಿಂದ ಲಾಭವಿಲ್ಲ. ಸ್ಟ್ಯಾಂಡರ್ಡ್ ಅಥವಾ ಸಿನಿಮಾ ಮೋಡಿನಲ್ಲಿ ಬೆಳಕು ಸ್ವಲ್ಪ ಏರಿಸಿ, ಶಾರ್ಪ್‌ನೆಸ್ ಇಳಿಸಿ. ಎಲ್‌ಜಿಯ ಟ್ರೂಮೋಷನ್, ಸೋನಿಯ ಮೋಷನ್‌ಫ್ಲೋ, ಸ್ಯಾಮ್ಸಂಗ್‌ನ ಪಿಕ್ಚರ್ ಕ್ಲಾರಿಟಿ, ಇವು ನಡುವಿನ ಚಿತ್ರವನ್ನು ಊಹಿಸಿ ಬರೆಯುತ್ತವೆ. ಕಾಲುಗಳ ಗುಂಪಿನೊಳಗೆ ಚೆಂಡು ಹೊಕ್ಕಾಗ ಊಹೆ ತಪ್ಪಿ ಚೆಂಡೇ ಮಾಯ. 50 ಚಿತ್ರದ ಪ್ರಸಾರಕ್ಕೆ ಇದನ್ನು ಪೂರ್ತಿ ಆಫ್ ಮಾಡಿ, 25ರ ಸ್ಟ್ರೀಮಿಗೆ ತೀರಾ ಕೆಳಮಟ್ಟದಲ್ಲಿ ಇಡಿ. ಮೂಲೆಯ ಸ್ಕೋರ್ ಪಟ್ಟಿ ಅರ್ಧ ಕತ್ತರಿಸಿದಂತಿದ್ದರೆ ಟಿವಿ ಚಿತ್ರವನ್ನು ಹಿಗ್ಗಿಸಿ ಅಂಚು ನುಂಗುತ್ತಿದೆ ಎಂದರ್ಥ. ಎಲ್‌ಜಿಯಲ್ಲಿ ಜಸ್ಟ್ ಸ್ಕ್ಯಾನ್, ಸ್ಯಾಮ್ಸಂಗ್‌ನಲ್ಲಿ ಫಿಟ್ ಟು ಸ್ಕ್ರೀನ್, ಸೋನಿಯಲ್ಲಿ ಫುಲ್ ಪಿಕ್ಸೆಲ್ ಹಾಕಿದರೆ ಸರಿಹೋಗುತ್ತದೆ.

ಕೂರುವ ದೂರಕ್ಕೆ ಹಳೆಯ ಸೂತ್ರ ಸಾಕು: ಎಚ್‌ಡಿಗೆ ಪರದೆಯ ಎತ್ತರದ ಮೂರು ಪಟ್ಟು. 43 ಇಂಚಿನ ಟಿವಿಗೆ 1.6 ಮೀಟರ್, 55 ಇಂಚಿಗೆ ಸುಮಾರು 2 ಮೀಟರ್. ನಮ್ಮ ಹಾಲ್‌ಗಳಲ್ಲಿ ಸೋಫಾ ಹತ್ತು ಹನ್ನೆರಡು ಅಡಿ ಆಚೆ ಇರುತ್ತದೆ. ಅಷ್ಟು ದೂರದಿಂದ 43 ಇಂಚಿನಲ್ಲಿ 4ಕೆಗೂ ಎಚ್‌ಡಿಗೂ ವ್ಯತ್ಯಾಸ ಹೇಳುವ ಕಣ್ಣು ಅಪರೂಪ. ಹೆಚ್ಚಿನ ದುಡ್ಡನ್ನು 4ಕೆ ಪ್ಯಾಕಿಗೆ ಸುರಿಯುವ ಬದಲು ಪಂದ್ಯದ ರಾತ್ರಿ ಕುರ್ಚಿ ಮುಂದಕ್ಕೆ ಎಳೆದುಕೊಳ್ಳಿ. ಸೌಂಡ್‌ಬಾರ್ ಇದ್ದು ಮಾತು ತಡವಾಗಿ ಬಂದರೆ ಟಿವಿಯ ಆಡಿಯೋ ಔಟ್‌ಪುಟ್ ಪಿಸಿಎಂ ಮಾಡಿ ನೋಡಿ. ಮನೆಯವರು ಮಲಗಿದ್ದಾರೆಂದು ಬ್ಲೂಟೂತ್ ಹೆಡ್‌ಫೋನ್ ಹಾಕಿದರೆ ಒದ್ದ ಸದ್ದು ಚೆಂಡಿನ ಹಿಂದೆ ಬರುತ್ತದೆ, ವೈರಿನದ್ದು ವಾಸಿ.

ಕೊನೆಯದು ಕರೆಂಟ್. 2022ರ ಫೈನಲ್‌ನಲ್ಲಿ ಫ್ರಾನ್ಸಿನ ಎಂಬಾಪೆ 97 ಸೆಕೆಂಡುಗಳ ಅಂತರದಲ್ಲಿ ಎರಡು ಗೋಲು ಹೊಡೆದರು. ಕರೆಂಟ್ ಹೋಗಿ ಇನ್ವರ್ಟರಿಗೆ ಬದಲಾಗುವ ಕ್ಷಣದಲ್ಲಿ ಸೆಟ್‌ಟಾಪ್ ಬಾಕ್ಸ್ ಆರಿದರೆ ಮತ್ತೆ ಚಿತ್ರ ತರಲು ಅದಕ್ಕೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಇನ್ವರ್ಟರಿನ ಹಿಂದೆ ಅಥವಾ ಮುಂದೆ ಯುಪಿಎಸ್ ಮತ್ತು ನಾರ್ಮಲ್ ಎಂಬ ಸ್ವಿಚ್ ಇರುತ್ತದೆ. ಯುಪಿಎಸ್ ಕಡೆ ಒತ್ತಿದರೆ ಬದಲಾವಣೆ ಬೇಗ ಆಗಿ ಬಾಕ್ಸ್, ರೌಟರ್ ಎರಡೂ ಆರದೆ ಉಳಿಯುತ್ತವೆ. 150 ಎಎಚ್ ಬ್ಯಾಟರಿ ಅರ್ಧ ಶಕ್ತಿಯಲ್ಲಿದ್ದರೂ ಟಿವಿ, ಬಾಕ್ಸ್, ರೌಟರ್ ಸೇರಿ 125 ವಾಟ್ ಹೊರೆಯನ್ನು ಐದಾರು ಗಂಟೆ ಹೊರುತ್ತದೆ, ಫ್ರಿಜ್ ಅದೇ ಲೈನಿನಲ್ಲಿ ಇಲ್ಲದಿದ್ದರೆ. ಇನ್ವರ್ಟರ್ ಇಲ್ಲದವರು ರೌಟರಿಗೆ ಒಂದು ಮಿನಿ ಯುಪಿಎಸ್ ತಂದು, ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ಹೊಂದುತ್ತವೆಯೇ ನೋಡಿ ಸಿಕ್ಕಿಸಿಟ್ಟರೆ ಕೊನೇಪಕ್ಷ ಪೆನಾಲ್ಟಿಗಳನ್ನು ಫೋನಿನಲ್ಲಾದರೂ ನೋಡಬಹುದು.