ಗುಟ್ಟು ಗೊತ್ತಾದ ಮೇಲೂ ಓದಿಸಿಕೊಳ್ಳುವ ಥ್ರಿಲ್ಲರ್ ಯಾವುದು?

ಬೇಸಿಗೆಯಲ್ಲಿ ದಾವಣಗೆರೆಯ ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿರುವುದಿಲ್ಲ. ಆ ಹೊತ್ತನ್ನೆಲ್ಲ ಈ ಸಲ ಸೈಕಲಾಜಿಕಲ್ ಥ್ರಿಲ್ಲರ್‌ಗಳಿಗೆ, ಅಂದರೆ ಮನಸ್ಸಿನೊಳಗಿನ ತಳಮಳದಿಂದಲೇ ಕುತೂಹಲ ಹುಟ್ಟಿಸುವ ಕಾದಂಬರಿಗಳಿಗೆ ಕೊಟ್ಟೆ. ನಾನು ನೋಡಿದ್ದು ಒಂದೇ ವಿಷಯ: ಕೊನೆ ಗೊತ್ತಾದ ಮೇಲೂ ಮತ್ತೆ ಮೊದಲಿಂದ ಓದಬೇಕು ಅನ್ನಿಸುತ್ತಾ?

ಅಲೆಕ್ಸ್ ಮೈಕೆಲಿಡೀಸ್ ಅವರ 'ದಿ ಸೈಲೆಂಟ್ ಪೇಷೆಂಟ್' 2019ರದ್ದು. ಲಂಡನ್ನಿನ ಕಲಾವಿದೆ ಅಲಿಶಿಯಾ ಗಂಡನಿಗೆ ಗುಂಡು ಹೊಡೆಯುತ್ತಾಳೆ, ಆಮೇಲೆ ಬಾಯೇ ಬಿಡುವುದಿಲ್ಲ. ಅವಳನ್ನು ಮಾತಾಡಿಸಿಯೇ ತೀರುತ್ತೇನೆ ಅಂತ ಥಿಯೋ ಎಂಬ ಸೈಕೋಥೆರಪಿಸ್ಟ್ (ಮಾತಿನ ಮೂಲಕ ಮನಸ್ಸಿಗೆ ಚಿಕಿತ್ಸೆ ಕೊಡುವವನು) ಹಠ ಹಿಡಿಯುತ್ತಾನೆ. ಚಿಕ್ಕ ಚಿಕ್ಕ ಅಧ್ಯಾಯಗಳು. ಮಂಡಕ್ಕಿ-ಮೆಣಸಿನಕಾಯಿ ತಿಂದಂತೆ, ಕೈ ನಿಲ್ಲುವುದಿಲ್ಲ. ಆದರೆ ಮತ್ತೆ ಓದಿದಾಗ ಲೇಖಕರ ಕೈಚಳಕವೇ ಜಾಸ್ತಿ ಕಂಡಿತು, ಅಲಿಶಿಯಾಳ ಸಂಕಟ ಕಮ್ಮಿ. ರೈಲಿನಲ್ಲಿ ಬೆಂಗಳೂರಿಗೆ ಹೋಗುವಾಗ ಓದಲು ಮಾತ್ರ ಇದೇ ಸರಿ.

ಜಪಾನಿನ ಕೀಗೊ ಹಿಗಾಶಿನೊ ಅವರ 'ದಿ ಡಿವೋಶನ್ ಆಫ್ ಸಸ್ಪೆಕ್ಟ್ ಎಕ್ಸ್' (2005) ಇದಕ್ಕೆ ತದ್ವಿರುದ್ಧ. ಕೊಲೆ ಶುರುವಿನಲ್ಲೇ ನಮ್ಮ ಕಣ್ಣೆದುರೇ ಆಗಿಹೋಗುತ್ತದೆ. ಕಾಡುವ ಮಾಜಿ ಗಂಡನನ್ನು ಯಾಸುಕೊ ಕೊಲ್ಲುತ್ತಾಳೆ. ಪಕ್ಕದ ಮನೆಯ ಗಣಿತ ಮೇಷ್ಟ್ರು ಇಶಿಗಾಮಿ ಅವಳನ್ನು ಉಳಿಸಲು ನಿಲ್ಲುತ್ತಾನೆ. ಅವಳು ಊಟದ ಡಬ್ಬಿ ಮಾರುವ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಇವನು ಅಲ್ಲೇ ದಿನಾ ಊಟ ಕಟ್ಟಿಸಿಕೊಳ್ಳುತ್ತಾನೆ. ಮೊದಲು ಓದುವಾಗ ಸುಮ್ನೆ ದಾಟಿಹೋಗಿದ್ದ ಸಂಗತಿ ಇದು. ಮುಂದೆ ಅವನು ಏನು ಮಾಡುತ್ತಾನೆ ಅಂತ ತಿಳಿದು ಓದಿದರೆ ಆ ಡಬ್ಬಿಯ ಪುಟಗಳಲ್ಲೇ ಗಂಟಲು ಕಟ್ಟುತ್ತದೆ. ನಡುವಿನ ಪೊಲೀಸ್ ವಿಚಾರಣೆ ಸ್ವಲ್ಪ ಒಣ ಒಣ, ಸಹಿಸಿಕೊಳ್ಳಿ.

ಮೂರನೆಯದು ತ್ರಿವೇಣಿಯವರ 'ಶರಪಂಜರ'. ಇದನ್ನು ಥ್ರಿಲ್ಲರ್ ಅಂದರೆ ಸಾಹಿತ್ಯದವರು ಬೈಯಬಹುದು, ಬೈಯಲಿ. ಇಲ್ಲಿ ಹೆಣ ಇಲ್ಲ, ಪೊಲೀಸರಿಲ್ಲ. ಬಾಣಂತನದಲ್ಲಿ ಮನಸ್ಸಿನ ಸ್ಥಿಮಿತ ತಪ್ಪಿದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಗುಣವಾಗಿದ್ದಾಳೆ ಅಂತ ಒಪ್ಪಲು ಸುತ್ತಲಿನವರು ತಯಾರಿಲ್ಲ. ಅವಳು ಕೋಪ ಮಾಡಿಕೊಂಡರೂ ಹುಚ್ಚು, ಅತ್ತರೂ ಹುಚ್ಚು. ಇವಳು ತಡೆದುಕೊಳ್ಳುತ್ತಾಳಾ ಎಂಬ ಭಯ ಪ್ರತಿ ಪುಟದಲ್ಲೂ ಇರುತ್ತದೆ. ಆ ಭಯ ಎರಡನೇ ಓದಿನಲ್ಲೂ ಕಮ್ಮಿಯಾಗಲಿಲ್ಲ, ಯಾಕೆಂದರೆ ಅದು ಕೊನೆಯ ತಿರುವನ್ನು ನಂಬಿಕೊಂಡಿಲ್ಲ. ಅವಳನ್ನು ಹಾಗೆ ನೋಡುವ ಗಂಡ, ನೆಂಟರು, ಅಕ್ಕಪಕ್ಕದವರು ನಮ್ಮ ಬೀದಿಯಲ್ಲೂ ಇದ್ದಾರೆ, ಅಲ್ವಾ? ತ್ರಿವೇಣಿ 1963ರಲ್ಲೇ ತೀರಿಕೊಂಡರು. ಆದರೂ ಇವತ್ತಿಗೂ ಭಾಷೆ ಎಲ್ಲೂ ತೊಡಕಾಗುವುದಿಲ್ಲ.

ನನ್ನ ಪಾಲಿಗೆ ಮೊದಲ ಜಾಗ ಕಾವೇರಿಗೇ, ಇಶಿಗಾಮಿ ಸ್ವಲ್ಪದರಲ್ಲೇ ಹಿಂದೆ. 'ಶರಪಂಜರ'ವನ್ನೇ ಆಧರಿಸಿದ ಪುಟ್ಟಣ್ಣ ಕಣಗಾಲರ ಸಿನಿಮಾ ನೋಡಿಲ್ಲದಿದ್ದರೆ ಮೊದಲು ಕಾದಂಬರಿ ಓದಿ. ಸಿನಿಮಾ ನೋಡಿ ಓದಿದರೆ ಕಾವೇರಿ ಅಂದಾಗಲೆಲ್ಲ ಕಲ್ಪನಾ ಮುಖವೇ ಎದುರಿಗೆ ಬಂದು ನಿಲ್ಲುತ್ತದೆ.