ಅಂಬಾಸಿಡರ್‌ಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್: ಪಾಯಿಂಟ್ ತೆಗೆದು ಕೆಲವು ವರ್ಷ ಓಡಿಸಿದ ಮೇಲೆ

ಕಿಡಿಗೆ ಹೊತ್ತು ಹೇಳುವ ಪಾಯಿಂಟ್ (ತೆರೆದು ಮುಚ್ಚುವ ಸಣ್ಣ ಯಾಂತ್ರಿಕ ಸ್ವಿಚ್ಚು) ತೆಗೆದು ಅದರ ಜಾಗಕ್ಕೆ ಹಾಕುವ ಎಲೆಕ್ಟ್ರಾನಿಕ್ ಕಿಟ್ ಚೆನ್ನಾಗಿದೆ. ಅದರ ಸುತ್ತ ಇರುವ ನಮ್ಮ ಹಳೆಯ ವೈರು, ಸ್ವಿಚ್ಚು, ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಕಾಯಿಲ್ ಚೆನ್ನಾಗಿರುವುದಿಲ್ಲ. ಕೆಟ್ಟ ಹೆಸರು ಮಾತ್ರ ಕಿಟ್‌ಗೇ ಬರುತ್ತದೆ.

ನನ್ನದು ಮಾರ್ಕ್ 3 ಅಂಬಾಸಿಡರ್. 1489 ಸಿಸಿ ಪೆಟ್ರೋಲ್, ಅದೇ ಹಳೆ ಬಿಎಂಸಿ ಬಿ ಸೀರೀಸ್ ಎಂಜಿನ್. ಡೆಲ್ಕೋ, ಅಂದರೆ ಕಿಡಿಯನ್ನು ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್, ಲ್ಯೂಕಾಸ್ 25ಡಿ4 ಮಾದರಿಯದು. ಬೆಂಗಳೂರಿನಲ್ಲಿ ಭಾನುವಾರದ ಓಡಾಟ, ಆಗಾಗ ಸಕಲೇಶಪುರ, ಮಂಗಳೂರು ಕಡೆ ಪ್ರಯಾಣ. ಗಾಡಿಯ ಬಳಕೆ ಇಷ್ಟೇ.

ಪಾಯಿಂಟ್ ಮೇಲೆ ನನಗೆ ದ್ವೇಷ ಏನಿಲ್ಲ. 1910ರ ಸುಮಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಈ ವ್ಯವಸ್ಥೆ ಅಷ್ಟು ದಶಕ ಸುಮ್ನೆ ಬಾಳಲಿಲ್ಲ. ತೊಂದರೆ ಎಂದರೆ, ಪಾಯಿಂಟಿನ ಹೀಲ್ (ತಿರುಗುವ ಕ್ಯಾಮ್ ಮೇಲೆ ಉಜ್ಜುವ ತುದಿ) ಸವೆಯುತ್ತಾ ಹೋದಂತೆ 0.4 ಮಿಲಿಮೀಟರ್ ಗ್ಯಾಪ್ ಕಿರಿದಾಗುತ್ತದೆ. ಟೈಮಿಂಗ್ ಹಿಂದಕ್ಕೆ ಜಾರಿ ಕಿಡಿ ತಡವಾಗುತ್ತದೆ. ಅದನ್ನೂ ಸಹಿಸಬಹುದಿತ್ತು. ಆದರೆ ಈಗ ಬೆಂಗಳೂರಿನ ಬಿಡಿಭಾಗಗಳ ಬೀದಿ ಜೆಸಿ ರೋಡಿನಲ್ಲಿ ಸಿಗುವ, ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್‌ಗಳನ್ನು ನಂಬುವ ಹಾಗಿಲ್ಲ. ಕಂಡೆನ್ಸರ್ ಕೈಕೊಟ್ಟರೆ ಹೊಸ ಪಾಯಿಂಟೂ ಸುಟ್ಟು ಕಪ್ಪಾಗುತ್ತದೆ. ಕಿಟ್ ಕಡೆ ಹೋಗಲು ನನಗಿದ್ದ ನಿಜವಾದ ಕಾರಣ ಇದೊಂದೇ. ಅಮೆರಿಕದ ಕ್ರೈಸ್ಲರ್ ಅಲ್ಲಿನ ತನ್ನ ಗಾಡಿಗಳಿಗೆಲ್ಲ 1973ಕ್ಕೇ ಎಲೆಕ್ಟ್ರಾನಿಕ್ ಇಗ್ನಿಷನ್ ಕೊಟ್ಟಿತ್ತು. ನಾವು ಸ್ವಲ್ಪ ತಡವಾಗಿ ಬಂದೆವು, ಅಷ್ಟೇ.

ಹಾಕುವುದು ಸುಲಭ. ಪಾಯಿಂಟ್, ಕಂಡೆನ್ಸರ್ ತೆಗೆಯಿರಿ, ಆ ಜಾಗಕ್ಕೆ ಸಣ್ಣ ಎಲೆಕ್ಟ್ರಾನಿಕ್ ಮಾಡ್ಯೂಲ್ ಕೂರಿಸಿ. ಕಿಡಿ ಹಂಚುತ್ತಾ ತಿರುಗುವ ರೋಟರ್ ಕೆಳಗೆ, ಕ್ಯಾಮ್ ಮೇಲೆ ಆಯಸ್ಕಾಂತದ ಬಳೆ ಕೂರುತ್ತದೆ. ಕೆಂಪು ವೈರು ಕಾಯಿಲ್‌ನ ಪಾಸಿಟಿವ್‌ಗೆ, ಕಪ್ಪು ನೆಗೆಟಿವ್‌ಗೆ. ಎಲ್ಲೂ ಹೊಸ ತೂತು ಕೊರೆಯಬೇಕಿಲ್ಲ. ಆಮೇಲೆ ಸ್ಟ್ರೋಬ್ ಲೈಟ್ ಹಿಡಿದು ಟೈಮಿಂಗ್ ಇಟ್ಟರೆ ಮುಗಿಯಿತು. ಒಂದು ಎಚ್ಚರ: ಬ್ರಿಟಿಷ್ ಮೂಲದ ತೀರಾ ಹಳೆಯ ಗಾಡಿಗಳಲ್ಲಿ ಪಾಸಿಟಿವ್ ಅರ್ತ್ ಇರುತ್ತದೆ. ಬ್ಯಾಟರಿಯ ಯಾವ ತುದಿ ಗಾಡಿಯ ಬಾಡಿಯ ಲೋಹಕ್ಕೆ ಹೋಗಿದೆ ಎಂದು ನೋಡದೆ ಕಿಟ್ ತರಿಸಬೇಡಿ.

ಮೊದಲ ತಿಂಗಳುಗಳು ಸುಖವಾಗಿದ್ದವು. ಬೆಳಗಿನ ಚಳಿಗೆ ಅರ್ಧ ಸೆಲ್ಫ್‌ಗೇ ಸ್ಟಾರ್ಟ್. ಐಡ್ಲಿಂಗ್ ಗಟ್ಟಿ. ಆಮೇಲೆ ಬೇಸಿಗೆಯಲ್ಲಿ ಮಂಗಳೂರಿನಿಂದ ವಾಪಸ್ ಬರುವಾಗ, ಶಿರಾಡಿ ಘಾಟಿಯಲ್ಲಿ ಗುಂಡ್ಯ ದಾಟಿ ಮಾರನಹಳ್ಳಿ ಕಡೆಗೆ ಏರುವ ದಾರಿಯಲ್ಲಿ ಎಂಜಿನ್ ಪಟ್ ಅಂತ ನಿಂತಿತು. ಸ್ವಲ್ಪ ಹೊತ್ತು ಬಿಟ್ಟರೆ ಸ್ಟಾರ್ಟ್ ಆಗುತ್ತದೆ, ಮತ್ತೆ ಬಿಸಿಯಾದಾಗ ನಿಲ್ಲುತ್ತದೆ. ದಾರಿಯಲ್ಲಿ ಸಿಕ್ಕ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ ತೀರ್ಪು ಕೊಟ್ಟರು: "ಮಾಡ್ಯೂಲ್ ಹೋಯ್ತು ಸಾರ್, ಪಾಯಿಂಟ್ ಹಾಕ್ಬಿಡಿ."

ಇಂಥ ಹೊತ್ತಿನಲ್ಲಿ ಬೇಕಾಗುವುದು 12 ವೋಲ್ಟಿನ ಒಂದು ಟೆಸ್ಟ್ ಲ್ಯಾಂಪ್. ಅದರ ಒಂದು ತುದಿ ಕಾಯಿಲ್‌ನ ನೆಗೆಟಿವ್‌ಗೆ, ಇನ್ನೊಂದು ಬಾಡಿಯ ಲೋಹಕ್ಕೆ ಕೊಟ್ಟು ಸೆಲ್ಫ್ ಹೊಡೆಸಿ. ದೀಪ ಮಿನುಗಿದರೆ ಮಾಡ್ಯೂಲ್ ಕೆಲಸ ಮಾಡುತ್ತಿದೆ. ಆಗ ಹುಡುಕಬೇಕಾದದ್ದು ಕಾಯಿಲ್, ರೋಟರ್, ಡೆಲ್ಕೋ ಮೇಲಿನ ಕ್ಯಾಪ್ ಕಡೆ. ದೀಪ ಒಂದೇ ಸಮನೆ ಉರಿಯುತ್ತಿದ್ದರೆ ಮಾಡ್ಯೂಲ್ ಸ್ವಿಚ್ ಆಗುತ್ತಿಲ್ಲ. ಉರಿಯದೇ ಇದ್ದರೆ ಎರಡು ಅರ್ಥ: ಕಾಯಿಲ್‌ಗೆ ಕರೆಂಟೇ ಬರುತ್ತಿಲ್ಲ, ಇಲ್ಲವೇ ಮಾಡ್ಯೂಲ್ ಒಳಗೇ ಶಾರ್ಟ್ ಆಗಿದೆ. ಲ್ಯಾಂಪನ್ನು ಪಾಸಿಟಿವ್‌ಗೆ ಇಟ್ಟು ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ದೀಪ ಸರಿಯಾಗಿ ಮಿನುಗಿ, ಪ್ಲಗ್‌ನಲ್ಲಿ ಕಿಡಿಯೂ ಚೆನ್ನಾಗಿದ್ದರೆ ಇಗ್ನಿಷನ್ ಬಿಟ್ಟು ಪೆಟ್ರೋಲ್ ಕಡೆ ನೋಡಿ. ಘಾಟಿಯಲ್ಲಿ ಪೈಪ್ ಬಿಸಿಯಾಗಿ ಪೆಟ್ರೋಲ್ ಆವಿಯಾಗುವುದೂ ಇದೇ ಲಕ್ಷಣ ತೋರಿಸುತ್ತದೆ.

ನನ್ನ ಗಾಡಿಯಲ್ಲಿ ದೀಪ ಪಾಸಿಟಿವ್‌ನಲ್ಲೇ ಮಂಕಾಗಿತ್ತು. ಮನೆಗೆ ಬಂದು ಮೀಟರ್ ಹಿಡಿದಾಗ ಲೆಕ್ಕ ಸಿಕ್ಕಿತು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.7 ವೋಲ್ಟ್, ಕಾಯಿಲ್‌ಗೆ ತಲುಪುತ್ತಿದ್ದದ್ದು 10.6. ಮೂರು ವೋಲ್ಟ್ ದಾರಿಯಲ್ಲೇ ಮಾಯ. ಇಗ್ನಿಷನ್ ಸ್ವಿಚ್ಚಿನ ಸವೆದ ಕಾಂಟ್ಯಾಕ್ಟ್, ಹಸಿರು ಹಿಡಿದ ಬುಲೆಟ್ ಕನೆಕ್ಟರ್‌ಗಳು ತಿನ್ನುತ್ತಿದ್ದವು. ಬಿಸಿ ಹೆಚ್ಚಿದಷ್ಟೂ ಈ ನಷ್ಟ ಜಾಸ್ತಿ. ಪಾಯಿಂಟ್ ಬರೀ ಒಂದು ಸ್ವಿಚ್ಚು, ವೋಲ್ಟೇಜ್ ಇಳಿದರೂ ಹೇಗೋ ಗಾಡಿ ಎಳೆಯುತ್ತದೆ. ಮಾಡ್ಯೂಲ್ ಹಾಗಲ್ಲ, ತನ್ನ ಮಿತಿಗಿಂತ ಕೆಳಗೆ ಹೋದರೆ ಕೆಲಸ ನಿಲ್ಲಿಸಿಬಿಡುತ್ತದೆ. ಕಿಟ್ ಜೊತೆ ಬಂದ ಕಾಗದದಲ್ಲಿ ಕನಿಷ್ಠ 9 ವೋಲ್ಟ್ ಬೇಕು ಅಂತ ಇದೆ. ಎಲ್ಲಿ, ಯಾವಾಗ ಅಳೆಯಬೇಕು ಅಂತ ಇಲ್ಲ! ಸೆಲ್ಫ್ ಹೊಡೆಯುವಾಗ ಕಾಯಿಲ್ ಪಾಸಿಟಿವ್‌ನಲ್ಲಿ ಅಳೆಯಿರಿ.

ಪರಿಹಾರ ಅಗ್ಗದ್ದು. ನಾಲ್ಕು ಪಿನ್ನಿನ ಒಂದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು. ಲ್ಯೂಕಾಸ್ ವೈರಿಂಗ್‌ನಲ್ಲಿ ಇಗ್ನಿಷನ್ ಲೈನ್ ಬಿಳಿ ಬಣ್ಣದ್ದು, ಅದನ್ನು ಕಾಯಿಲ್‌ನಿಂದ ಬಿಡಿಸಿ ರಿಲೇಯ 86 ಅಂತ ಬರೆದ ಪಿನ್ನಿಗೆ ಕೊಡಿ. 85 ಬಾಡಿಯ ಲೋಹಕ್ಕೆ. ಬ್ಯಾಟರಿಯಿಂದ ಫ್ಯೂಸ್ ಹಾಕಿದ ಹೊಸ ದಪ್ಪ ವೈರು 30ಕ್ಕೆ. 87ರಿಂದ ಕಾಯಿಲ್ ಮತ್ತು ಮಾಡ್ಯೂಲ್‌ನ ಕೆಂಪು ವೈರಿಗೆ. ಈಗ ನಷ್ಟ 0.2 ವೋಲ್ಟಿಗಿಂತ ಕಡಿಮೆ. ಶಿರಾಡಿಯಲ್ಲಿ ಮತ್ತೆ ನಿಂತಿಲ್ಲ. ಈ ರಿಲೇಯನ್ನು ಕಿಟ್ ಡಬ್ಬದಲ್ಲೇ ಹಾಕಿ ಮಾರಬಹುದಲ್ವಾ?

ಎರಡನೇ ಕಾಟ ಹೆಚ್ಚು ಚೇಷ್ಟೆಯದು. ಐಡ್ಲಿಂಗ್ ಸರಿ, ಆಕ್ಸಿಲರೇಟರ್ ಒತ್ತಿದಾಗ ಮಿಸ್ಸಿಂಗ್. ಕಾರ್ಬುರೇಟರ್ ಅಂತ ಯಾರಾದರೂ ಹೇಳುತ್ತಾರೆ. ವ್ಯಾಕ್ಯೂಮ್ ಪೈಪ್ ಬಿಚ್ಚಿ ಬಾಯಿ ಮುಚ್ಚಿ ಓಡಿಸಿದರೆ ಮಿಸ್ಸಿಂಗ್ ಇಲ್ಲ. ಅಂದರೆ ಈ ಪೈಪಿನ ಎಳೆತಕ್ಕೆ ಡೆಲ್ಕೋ ಒಳಗಿನ ಪ್ಲೇಟ್ (ಮಾಡ್ಯೂಲ್ ಕೂತಿರುವುದು ಇದರ ಮೇಲೆ) ಅಲುಗಿದಾಗ ಮಾತ್ರ ತೊಂದರೆ. ಆ ಪ್ಲೇಟಿಗೂ ಡೆಲ್ಕೋ ಬಾಡಿಗೂ ನಡುವೆ ಬಟ್ಟೆ ಸುತ್ತಿದ ಒಂದು ಸಣ್ಣ ಅರ್ತ್ ವೈರು ಇರುತ್ತದೆ. ಹೊರಗೆ ನೋಡಲು ಸರಿಯಾಗೇ ಇತ್ತು, ಒಳಗೆ ಎಳೆಗಳು ತುಂಡಾಗಿದ್ದವು. ನನ್ನ ಮಾಡ್ಯೂಲ್ ಅರ್ತ್ ತೆಗೆದುಕೊಳ್ಳುವುದೇ ಈ ಪ್ಲೇಟಿನ ಮೂಲಕ. ತೆಳುವಾದ ಬಹುಎಳೆಯ ವೈರು ಬೆಸುಗೆ ಹಾಕಿದ ಮೇಲೆ ಸರಿಹೋಯಿತು. ವೈರು ಬಿಗಿಯಾಗಿ ಎಳೆದುಕೊಂಡಿರಬಾರದು, ಪ್ಲೇಟ್ ತಿರುಗಲು ಜಾಗ ಬೇಕು.

ಕಾಯಿಲ್ ವಿಷಯದಲ್ಲಿ ಸಡಿಲ ಬೇಡ. ಪ್ರೈಮರಿ ಸುತ್ತು (ಕಾಯಿಲ್‌ನ ಪಾಸಿಟಿವ್, ನೆಗೆಟಿವ್ ನಡುವೆ ಅಳೆಯುವುದು) ಸುಮಾರು 3 ಓಂ ಇರಬೇಕು, ಆಗ 4 ಆಂಪ್ಸ್ ಆಸುಪಾಸು ಹರಿಯುತ್ತದೆ. ರೆಸಿಸ್ಟರ್ ಜೊತೆ ಬಳಸಲೆಂದೇ ಮಾಡಿದ 1.5 ಓಂನ ಬ್ಯಾಲಾಸ್ಟ್ ಕಾಯಿಲ್ ಅನ್ನು ಅದಿಲ್ಲದೆ ಹಾಕಿದರೆ ಅದರ ದುಪ್ಪಟ್ಟು. ಮಾಡ್ಯೂಲ್ ಉಳಿಯುವುದು ಕಷ್ಟ. 3 ಓಂ ಇದ್ದರೂ, ಎಂಜಿನ್ ನಿಲ್ಲಿಸಿ ಕೀ ಆನ್ ಇಟ್ಟರೆ ಸುಮಾರು 50 ವಾಟ್ ಬಿಸಿ ಸುಮ್ನೆ ಕೂತುಬಿಡುತ್ತದೆ. ಗ್ಯಾರೇಜಿನ ಹುಡುಗರಿಗೆ ಹಾಡು ಕೇಳಲು ಕೀ ತಿರುಗಿಸುವ ಚಟ ಇದ್ದರೆ ಕೀ ನಿಮ್ಮ ಜೇಬಿನಲ್ಲೇ ಇರಲಿ.

ಬರೀ ತಾಮ್ರದ ಹೈಟೆನ್ಷನ್ ವೈರು ಬಳಸಬೇಡಿ. ಅದರ ಕಿರಿಕಿರಿ ಸಿಗ್ನಲ್ ಮಾಡ್ಯೂಲ್‌ನ ತಲೆ ಕೆಡಿಸಬಹುದು. ಒಳಗೆ ರೆಸಿಸ್ಟೆನ್ಸ್ ಇರುವ ಸಪ್ರೆಸರ್ ವೈರು ಹಾಕಿ. ರೋಟರ್ ಮೇಲೆ ಅನುಮಾನ ಇದ್ದರೆ ಕ್ಯಾಪ್ ತೆಗೆದು, ಕಾಯಿಲ್‌ನ ನಡುವಿನ ವೈರನ್ನು ರೋಟರ್‌ನ ಹಿತ್ತಾಳೆಗೆ ಹತ್ತಿರ ಹಿಡಿದು ಸೆಲ್ಫ್ ಹೊಡೆಸಿ. ಹಿಡಿಯಲು ಇನ್ಸುಲೇಟೆಡ್ ಇಕ್ಕಳ ಬೇಕು, ಬರಿಗೈ ಬೇಡ. ಕಿಡಿ ಹಾರಿದರೆ ರೋಟರ್ ಒಳಗಿನಿಂದ ಶಾಫ್ಟಿಗೆ ಸೋರುತ್ತಿದೆ ಅಂತ ಅರ್ಥ.

ಇನ್ನು ಮೈಲೇಜ್. ಜಾಹೀರಾತಿನವರು ಹೇಳುವಷ್ಟು ಏನೂ ಏರಲಿಲ್ಲ. ಏರಬೇಕಾದ ಕಾರಣವೂ ಇಲ್ಲ, ಕಾಯಿಲ್ ಅದೇ, ಕಿಡಿಯ ಬಲವೂ ಹೆಚ್ಚುಕಡಿಮೆ ಅದೇ. ಸವೆದ ಪಾಯಿಂಟಿನಿಂದ ಬಂದವರಿಗೆ ಮಾತ್ರ ವ್ಯತ್ಯಾಸ ಕಾಣುತ್ತದೆ. ಮಳೆಗಾಲದಲ್ಲಿ ಕ್ಯಾಪ್ ಒದ್ದೆಯಾದರೆ ಮೊದಲಿನ ಹಾಗೇ ಮೊಂಡು ಹಿಡಿಯುತ್ತದೆ, ಒರೆಸಿ ಒಣಗಿಸಲೇಬೇಕು. ಲಾಭ ಇರುವುದು ಇನ್ನೊಂದು ಕಡೆ: ಒಮ್ಮೆ ಇಟ್ಟ ಟೈಮಿಂಗ್ ಜಾರಿಲ್ಲ. ಡೆಲ್ಕೋ ಶಾಫ್ಟ್ ಸ್ವಲ್ಪ ಆಡಿದರೂ ಪಾಯಿಂಟಿನಷ್ಟು ಪರಿಣಾಮ ಕಾಣುವುದಿಲ್ಲ. ಬೆಲೆ ಒಂದು ಒಳ್ಳೆ ಬ್ಯಾಟರಿಗಿಂತ ಕಡಿಮೆ, ನನ್ನ ಪ್ರಕಾರ ಕೊಡಬಹುದು. ಮೀಟರ್ ಹಿಡಿಯಲು ಬರದವರು, ಹಿಡಿಯುವ ಮೆಕ್ಯಾನಿಕ್ ಹತ್ತಿರ ಇಲ್ಲದವರು ಪಾಯಿಂಟಿನಲ್ಲೇ ಇರುವುದು ವಾಸಿ.

ಪಾಯಿಂಟ್ ಸವೆಯುತ್ತಾ ಮುನ್ಸೂಚನೆ ಕೊಡುತ್ತದೆ, ಮಾಡ್ಯೂಲ್ ಸತ್ತರೆ ಒಂದೇ ಸಲ. ಹಾಗಾಗಿ ಹಳೆಯ ಪಾಯಿಂಟ್, ಒಳ್ಳೆಯದೆಂದು ಗೊತ್ತಿರುವ ಕಂಡೆನ್ಸರ್, ಫೀಲರ್ ಗೇಜ್, ಒಂದು ಸಣ್ಣ ಸ್ಕ್ರೂಡ್ರೈವರ್ ಡಿಕ್ಕಿಯಲ್ಲಿವೆ. ದಾರಿಯಲ್ಲಿ ಪಾಯಿಂಟಿಗೆ ಮರಳಬೇಕಾದರೆ ಆಯಸ್ಕಾಂತದ ಬಳೆ ತೆಗೆಯಲು ಮರೆಯಬೇಡಿ. ಕೆಂಪು ವೈರನ್ನು ಕಾಯಿಲ್‌ನಿಂದ ಬಿಡಿಸಿ ತುದಿಗೆ ಟೇಪ್ ಸುತ್ತಿ. ಟೈಮಿಂಗ್ ಒಂದಿಷ್ಟು ಆಚೀಚೆ ಆಗಿರುತ್ತದೆ, ಏರಿನಲ್ಲಿ ಎಂಜಿನ್ ಕಟಕಟ ಅಂದರೆ ಡೆಲ್ಕೋವನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ ಓಡಿಸಿ, ಮನೆ ತಲುಪಿದ ಮೇಲೆ ಲೈಟ್ ಹಿಡಿದು ಸರಿಮಾಡಿಕೊಳ್ಳಿ.